ಶಾಣ್ಯಾ ಹರಿದ ವಂಶವೃಕ್ಷ

ನಮ್ಮ ಮನೆಯ ನಾಯಿಯ ಹೆಸರು ಶಾಣ್ಯಾ. ನಮ್ಮ ಧಾರವಾಡದ ಕಡೆ ಶಾಣ್ಯಾ ಅಂದರೆ ಜಾಣ. ಆದರೆ ಹುಡುಗರು ಹುಚ್ಚು ಕೆಲಸ ಮಾಡಿದಾಗಲೂ ‘ಭಾಳ ಶಾಣ್ಯಾ ಇದ್ದೀ ಬಿಡು’ ಅನ್ನುತ್ತೇವೆ. ನಮ್ಮ ನಾಯಿಗೆ ಆ ಹೆಸರು ಇವೆರಡರಲ್ಲಿ ಯಾವ ಅರ್ಥಕ್ಕೆ ಒಪ್ಪುತ್ತದೆ ಎಂಬುದನ್ನು ಈ ಲೇಖನ ಓದಿ ಮುಗಿಸಿದ ಮೇಲೆ ನೀವೇ ತೀರ್ಮಾನ ಮಾಡಿ.

ಅದು ಮನೆಗೆ ಬಂದದ್ದು ಒಂದು ಆಷಾಢದ ಮಳೆಯಲ್ಲಿ. ಆಗ ಆರನೇ ಇಯತ್ತೆಯಲ್ಲಿದ್ದ ನನ್ನ ಮೊಮ್ಮಗಳು ಶಾಲೆಯಿಂದ ಬರುವಾಗ ರೇನ್‌ಕೋಟಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬಂದಳು. ಬಿಚ್ಚಿ ನೋಡಿದರೆ ಕಂದು ಬಣ್ಣದ ಬೀದಿಮರಿ. ‘ಒಂದ ದಿನ ಇರ್ಲಿ ಅಜ್ಜಾ, ಮಳಿ ನಿಂತ ಮ್ಯಾಲೆ ಬಿಟ್ಟ ಬರ್ತೀನಿ’ ಅಂದಳು. ಧಾರವಾಡದ ಮಳೆ ಗೊತ್ತಿದ್ದವರಿಗೆ ಈ ಮಾತಿನ ಅರ್ಥ ಗೊತ್ತು. ಮಳೆ ನಿಂತದ್ದು ದಸರೆಗೆ. ಅಷ್ಟರಲ್ಲಿ ಆ ಮರಿಗೆ ಒಂದು ಹೆಸರು, ಒಂದು ತಾಟು, ಮಲಗಲು ಒಂದು ಗೋಣಿಚೀಲ, ಕೂಡಲು ನನ್ನ ಬೆತ್ತದ ಕುರ್ಚಿ ಎಲ್ಲವೂ ದಕ್ಕಿದ್ದವು.

ಅದರ ಪ್ರತಾಪ ಬರೆಯಲು ಒಂದು ಲೆಡ್ಜರೇ ಬೇಕು. ಚಪ್ಪಲಿ ಕಚ್ಚುವ ನಾಯಿಗಳು ಎಷ್ಟೋ ಮನೆಗಳಲ್ಲಿವೆ. ನಮ್ಮದು ಎಡಗಾಲಿನ ಚಪ್ಪಲಿಯನ್ನು ಮಾತ್ರ ಕಚ್ಚುತ್ತಿತ್ತು. ಹೀಗಾಗಿ ನಮ್ಮ ಬಾಗಿಲ ಮೂಲೆಯಲ್ಲಿ ಬಲಗಾಲಿನ ಐದು ಚಪ್ಪಲಿಗಳು ಜೋಡಿಯಿಲ್ಲದೆ ಕುಳಿತಿದ್ದವು. ನನ್ನ ಹೆಂಡತಿ ರೊಟ್ಟಿ ಬಡಿದು ಬುಟ್ಟಿಯಲ್ಲಿ ಆರಲು ಇಟ್ಟರೆ, ಮೇಲಿನ ರೊಟ್ಟಿಯನ್ನು ಮುಟ್ಟದೆ ನಡುವಿನ ರೊಟ್ಟಿಯನ್ನು ಎಳೆದೊಯ್ಯುತ್ತಿತ್ತು. ಎಣಿಸಿದವರಿಗೆ ಮಾತ್ರ ಕಳ್ಳತನ ಗೊತ್ತಾಗಬೇಕು! ಇಂಥ ಕೈಚಳಕವನ್ನು ನಾನು ಬ್ಯಾಂಕಿನ ನೌಕರಿಯಲ್ಲೂ ಕಂಡಿರಲಿಲ್ಲ.

ಪಶುವೈದ್ಯರಲ್ಲಿ ದೂರು ಒಯ್ದೆ. ಅವರು ನಕ್ಕರು. ನಾಯಿಮರಿಗೂ ನಮ್ಮ ಮಕ್ಕಳ ಹಾಗೆ ಹಾಲುಹಲ್ಲು ಇರುತ್ತವೆ, ಒಟ್ಟು 28. ಸುಮಾರು ನಾಲ್ಕರಿಂದ ಆರು ತಿಂಗಳೊಳಗೆ ಅವು ಬಿದ್ದು 42 ಗಟ್ಟಿ ಹಲ್ಲು ಬರುತ್ತವೆ. ಆ ದಿನಗಳಲ್ಲಿ ಒಸಡು ನವೆಯಾಗಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತವೆ. ಹೊಡೆಯಬೇಡಿ, ಕಚ್ಚಲು ಅದಕ್ಕೇ ಒಂದು ಸಾಮಾನು ಕೊಡಿ, ಉಳಿದದ್ದನ್ನು ಎತ್ತರದಲ್ಲಿಡಿ ಅಂದರು. ರೇಬೀಸ್ ಲಸಿಕೆಯನ್ನೂ ಹಾಕಿ ಕಳಿಸಿದರು. ಎತ್ತರದಲ್ಲಿಡಿ ಅಂದ ಅವರ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ.

ಒಂದು ದಿನ ಶಾಣ್ಯಾ ಹಿತ್ತಲಲ್ಲಿ ಹೂತಿಟ್ಟ ಯಾವುದೋ ಎಲುಬನ್ನು ಕೆದರಿ ತೆಗೆಯುತ್ತಿತ್ತು. ನಾನು ಪಡಸಾಲೆಯಲ್ಲಿ ಹಳೇ ಕಾಗದ ಹರವಿಕೊಂಡು ಕುಳಿತಿದ್ದೆ. ನನ್ನ ಹೆಂಡತಿ ಇಬ್ಬರನ್ನೂ ನೋಡಿ, ‘ನೀವೂ ಅದೂ ಇಬ್ರೂ ಒಂದ ನೋಡ್ರಿ. ದಿನಾ ಹಳೇದ್ದ ಕೆದರೂದ ಕೆಲಸ’ ಅಂದಳು.

ಮಾತು ಸುಳ್ಳಲ್ಲ. ಹಳೆಯದನ್ನು ಕೆದರುವುದೇ ನನ್ನ ಹವ್ಯಾಸ.

ಲೆಕ್ಕ ಕೂಡಿಸುವ ಚಟ

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದ್ದು 1973ರಲ್ಲಿ. ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ 2009ರಲ್ಲಿ ನಿವೃತ್ತನಾದೆ. ಕಂಪ್ಯೂಟರ್ ಬರುವ ಮೊದಲು ಅರ್ಧವಾರ್ಷಿಕ ಲೆಕ್ಕ ಕೂಡಿಸುವಾಗ ಹತ್ತು ಪೈಸೆ ಹೆಚ್ಚುಕಡಿಮೆ ಬಂದರೂ ನಡುರಾತ್ರಿಯವರೆಗೆ ಕುಳಿತು ಹುಡುಕುತ್ತಿದ್ದೆವು. ಹೊಸ ಹುಡುಗರು ‘ಹತ್ತು ಪೈಸಾ ನಾನ ಹಾಕ್ತೀನ್ರಿ, ಮನಿಗೆ ಹೋಗೂಣು’ ಅಂದರೆ ನಮ್ಮ ಹಿರಿಯ ಗುಮಾಸ್ತರು, ‘ಹತ್ತು ಪೈಸಾ ಬ್ಯಾಡಪಾ, ತಪ್ಪ ಎಲ್ಲೈತಿ ಅನ್ನೂದ ಬೇಕು’ ಅನ್ನುತ್ತಿದ್ದರು. ಆ ಮಾತು ನನ್ನ ರಕ್ತದಲ್ಲಿ ಸೇರಿಹೋಯಿತು.

ನಿವೃತ್ತಿಯಾದ ವರ್ಷ ಅಪ್ಪನ ತಗಡಿನ ಟ್ರಂಕ್ ತೆಗೆದೆ. ಒಳಗೆ ಹೊಲದ ಉತಾರಗಳು, ಅಣ್ಣತಮ್ಮಂದಿರ ವಾಟ್ನಿಪತ್ರ, ಮದುವೆಯ ಲಗ್ನಪತ್ರಿಕೆಗಳು, ಮೋಡಿ ಅಕ್ಷರದ ಕೆಲವು ಹಾಳೆಗಳು. 1956ರ ನವೆಂಬರ್ 1ರಂದು ಕರ್ನಾಟಕ ಒಂದಾಗುವವರೆಗೆ ನಮ್ಮ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ಹೀಗಾಗಿ ನಮ್ಮ ಕಡೆಯ ಹಳೇ ಕಾಗದಗಳಲ್ಲಿ ಮೋಡಿ ಸಾಮಾನ್ಯ. ಅದನ್ನು ಓದಬಲ್ಲ ಒಬ್ಬ ಮುದುಕರನ್ನು ಹುಡುಕಿ ಓದಿಸಿದೆ. ಮುತ್ತಜ್ಜನ ಅಪ್ಪನ ಹೆಸರು ಸಿಕ್ಕಿತು. ಹತ್ತು ಪೈಸೆ ಸಿಕ್ಕ ರಾತ್ರಿಯಲ್ಲಿ ಆಗುತ್ತಿದ್ದ ಖುಷಿಯೇ ಆವತ್ತೂ ಆಯಿತು.

ಅಲ್ಲಿಂದ ಹದಿಮೂರು ವರ್ಷ ಇದೇ ಕೆಲಸ. ನವಲಗುಂದದ ಹತ್ತಿರ ಇರುವ ನಮ್ಮ ಮೂಲ ಹಳ್ಳಿಗೆ ಹೋಗಿ ಶಾಲೆಯ ಹಳೇ ದಾಖಲೆ ಪುಸ್ತಕ ನೋಡಿದೆ. ಅಪ್ಪ ಮತ್ತು ಅವನ ಇಬ್ಬರು ತಮ್ಮಂದಿರು, ಮೂವರೂ ಹುಟ್ಟಿದ್ದು ಜೂನ್ 1ರಂದು! ಅಜ್ಜಿಗೆ ಅಂಥ ವರವೇನೂ ಇರಲಿಲ್ಲ ಬಿಡಿ. ಆ ಕಾಲದ ಮಾಸ್ತರರು ತಾರೀಖು ಗೊತ್ತಿಲ್ಲದ ಹುಡುಗರಿಗೆಲ್ಲ ಜೂನ್ 1 ಬರೆದು ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ನಿಮ್ಮ ಅಜ್ಜನ ಹುಟ್ಟಿದ ದಿನವನ್ನೂ ಒಮ್ಮೆ ಕೇಳಿ ನೋಡಿ.

ಬಂಧುಗಳ ಮನೆಗೆ ಹೋದಾಗ ಅನುಮಾನದಿಂದ ನೋಡುವವರೇ ಹೆಚ್ಚು. ಪುಸ್ತಕ, ಪೆನ್ನು ತೆಗೆದು ‘ನಿಮ್ಮ ಮುತ್ತಜ್ಜನ ಹೆಸರೇನ್ರಿ?’ ಅಂದರೆ ಚಹಾ ಕೊಡುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು. ಒಬ್ಬ ಹಿರಿಯರು ನೇರವಾಗಿಯೇ ಕೇಳಿದರು: ‘ಹೊಲದಾಗ ಪಾಲ ಕೇಳಾಕ ಬಂದೀಯೇನೋ?’ ವಂಶಾವಳಿ ಅಂದರೆ ತಹಶೀಲ್ದಾರ್ ಕಚೇರಿ, ಕೋರ್ಟು, ವಕೀಲರು ಎಂದೇ ಜನರ ತಲೆಯಲ್ಲಿ ಕುಳಿತುಬಿಟ್ಟಿದೆ.

ಒಮ್ಮೊಮ್ಮೆ ಲೆಕ್ಕವೇ ಗಂಟಾಗುತ್ತಿತ್ತು. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವ ರೂಢಿ ಇತ್ತಲ್ಲ, ಬಳಗದಲ್ಲಿ ಒಬ್ಬರು ಹಾಗೆ ಆದವರು. ಅವರ ಮಕ್ಕಳಿಗೆ ಅಪ್ಪನ ಅಕ್ಕ ಅಂದರೆ ಅತ್ತಿ. ಅದೇ ಹೆಂಗಸು ಅವ್ವನ ಅವ್ವ, ಅಂದರೆ ಅಜ್ಜಿ. ಒಬ್ಬರನ್ನೇ ಎರಡು ಚೌಕದಲ್ಲಿ ಬರೆಯುವುದು ಹೇಗೆ? ಡಬಲ್ ಎಂಟ್ರಿ ಪದ್ಧತಿ ಕಲಿತ ನನಗೂ ತಲೆ ತಿರುಗಿತು.

ಎಲ್ಲಕ್ಕಿಂತ ಹೆಚ್ಚು ನೆರವಾದವರು ಹೆಳವರು. ಈಗಿನ ಮಕ್ಕಳಿಗೆ ಹೆಳವರು ಯಾರೆಂದು ಗೊತ್ತಿರಲಿಕ್ಕಿಲ್ಲ. ಊರಿಂದೂರಿಗೆ ಸಂಚರಿಸಿ, ತಮಗೆ ಸೇರಿದ ಮನೆತನಗಳ ವಂಶಾವಳಿಯನ್ನು ಹಾಡಿನಂತೆ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗುವವರು ಅವರು. ನಾನು ಚಿಕ್ಕವನಿದ್ದಾಗ ಎತ್ತಿನ ಮೇಲೆ ಕುಳಿತು ನಸುಕಿನಲ್ಲೇ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಅಜ್ಜ ಅವರಿಗೆ ಜೋಳ, ಬಟ್ಟೆ ಕೊಟ್ಟು ಕಳಿಸುತ್ತಿದ್ದ. ಆ ಮನೆತನದವರನ್ನೇ ಮತ್ತೆ ಹುಡುಕಿ ಅವರ ಪುಸ್ತಕದಿಂದ ಏಳು ತಲೆಮಾರು ಬರೆದುಕೊಂಡೆ.

ಕಡೆಗೆ ನಾಲ್ಕು ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿ, ಅಳತೆಪಟ್ಟಿ ಹಿಡಿದು ಗೆರೆ ಎಳೆದು, ದುಂಡಾದ ಅಕ್ಷರದಲ್ಲಿ ವಂಶವೃಕ್ಷ ಬರೆದೆ. ಏಳು ತಲೆಮಾರು, 47 ಹೆಸರು. ದೀಪಾವಳಿ ಪಾಡ್ಯಕ್ಕೆ ಬಳಗವೆಲ್ಲ ನಮ್ಮ ಮನೆಗೆ ಬರುವುದಿತ್ತು. ಅಂದು ಅದನ್ನು ಗೋಡೆಗೆ ತೂಗುಹಾಕುವುದು ಎಂದು ಗೊತ್ತುಮಾಡಿಕೊಂಡೆ.

ಹತ್ತು ನಿಮಿಷದ ಕೆಲಸ

ಹಬ್ಬಕ್ಕೆ ಎರಡು ದಿನ ಇತ್ತು. ಅಂಟು ಆರಲೆಂದು ಹಾಳೆಯನ್ನು ಪಡಸಾಲೆಯ ನೆಲದ ಮೇಲೆ ಹರವಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಚಹಾ ಕುಡಿಯಲು ಒಳಗೆ ಹೋದೆ. ಹತ್ತು ನಿಮಿಷ ಆಗಿರಬಹುದು. ತಂಬಿಗೆ ಉರುಳಿದ ಸಪ್ಪಳ ಕೇಳಿ ಓಡಿ ಬಂದೆ.

ಶಾಣ್ಯಾ ಹಾಳೆಯ ನಟ್ಟನಡುವೆ ಕುಳಿತಿತ್ತು. ಬಾಲ ಆಡುತ್ತಿತ್ತು. ಬಾಯಿಂದ ಒಂದು ತುಂಡು ನೇತಾಡುತ್ತಿತ್ತು. ಅದರ ಮೇಲೆ ನನ್ನ ಅಜ್ಜನ ಹೆಸರಿನ ಅರ್ಧ ಭಾಗ ಕಾಣುತ್ತಿತ್ತು. ಹಿಟ್ಟಿನ ಅಂಟು ಮಾಡಿದ್ದು ನನ್ನದೇ ತಪ್ಪು. ಅದರ ಪಾಲಿಗೆ ಆ ಹಾಳೆ ನಾಲ್ಕು ಮಡಿಕೆಯ ರೊಟ್ಟಿ ಇದ್ದ ಹಾಗೆ. ಮೇಲಿನ ಮೂರು ತಲೆಮಾರು ಹೊಟ್ಟೆಗೆ ಹೋಗಿದ್ದವು. ಉಳಿದದ್ದು ಚಿಂದಿ.

ನಾನು ಕೈ ಎತ್ತಿದ್ದು ನಿಜ. ಆದರೆ ಮೊಮ್ಮಗಳು ನಡುವೆ ಬಂದು ನಿಂತಳು. ‘ಬೈಬ್ಯಾಡ ಅಜ್ಜಾ, ನಾ ಬರ್ದ ಕೊಡ್ತೀನಿ’ ಅಂದಳು. ಹೆಸರುಗಳೆಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಇದ್ದೇ ಇದ್ದವು. ಸಂಜೆಯೇ ಹೊಸ ಹಾಳೆ ತಂದು ಕುಳಿತೆವು. ನಾನು ಓದುವುದು, ಅವಳು ಬರೆಯುವುದು.

ಅರ್ಧ ಬರೆದವಳು ಪೆನ್ಸಿಲ್ ಕೆಳಗಿಟ್ಟಳು.

‘ಅಜ್ಜಾ, ಇವ್ರಿಗೆಲ್ಲಾ ಅವ್ವ ಇದ್ದಿಲ್ಲೇನು?’

ನನಗೆ ತಿಳಿಯಲಿಲ್ಲ.

‘ಅಲ್ಲಾ, ಬರೇ ಅಪ್ಪನ ಹೆಸರ ಅದಾವು. ಮಗ್ಗಲ ಮನಿ ಲ್ಯಾಬ್ರಡಾರ್ ನಾಯಿದು ಸರ್ಟಿಫಿಕೇಟ್ ನೋಡೀನಿ ನಾ. ಅದರಾಗ ಅದರ ಅಪ್ಪಂದೂ ಐತಿ, ಅವ್ವಂದೂ ಐತಿ, ಅಜ್ಜಿದೂ ಐತಿ.’

ಸ್ವಲ್ಪ ಹೊತ್ತು ಬಿಟ್ಟು ಕಡೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: ‘ಇಲ್ಲಿ ನನ್ನ ತಮ್ಮನ ಹೆಸರೈತಿ. ನಾ ಎಲ್ಲಿದ್ದೀನಿ?’

ಮೂವತ್ತಾರು ವರ್ಷದ ನೌಕರಿಯಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನನ್ನು ಹಾಗೆ ಹಿಡಿದು ನಿಲ್ಲಿಸಿರಲಿಲ್ಲ. ಎಣಿಸಿದೆ. 47 ಹೆಸರಿನಲ್ಲಿ ಗಂಡಸರು 41, ಹೆಂಗಸರು ಆರು. ಉತಾರದಲ್ಲಿ ಹೊಲದ ಒಡೆಯನ ಹೆಸರು, ವಾಟ್ನಿಪತ್ರದಲ್ಲಿ ಅಣ್ಣತಮ್ಮಂದಿರು, ಶಾಲೆಯ ಪುಸ್ತಕದಲ್ಲಿ ಗಂಡುಮಕ್ಕಳು. ಕಾಗದದಲ್ಲಿ ಇದ್ದವರನ್ನೇ ನಾನು ಬರೆದಿದ್ದೆ. ಒಂದೇ ಬದಿ ಬರೆದ ಲೆಡ್ಜರನ್ನು ಹದಿಮೂರು ವರ್ಷ ‘ಲೆಕ್ಕ ಕೂಡಿತು’ ಅಂದುಕೊಂಡಿದ್ದೆ.

ಆ ರಾತ್ರಿ ಅವಳಿಗೆ ಆತಕೂರಿನ ಕಲ್ಲಿನ ಕತೆ ಹೇಳಿದೆ. ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 950ರ ಸುಮಾರಿಗೆ, ಗಂಗರ ಅರಸ ಎರಡನೆಯ ಬೂತುಗನಲ್ಲಿ ಕಾಳಿ ಎಂಬ ಬೇಟೆನಾಯಿ ಇತ್ತು. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ಎಂಬ ವೀರ ಬಹುಮಾನವಾಗಿ ಬೇರೇನನ್ನೂ ಬೇಡದೆ ಆ ನಾಯಿಯನ್ನೇ ಬೇಡಿ ಪಡೆದ. ಮುಂದೆ ಕಾಳಿ ದೊಡ್ಡ ಕಾಡುಹಂದಿಯೊಂದರ ಜೊತೆ ಹೋರಾಡಿತು. ನಾಯಿ, ಹಂದಿ ಎರಡೂ ಸತ್ತವು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದರು. ನಾಯಿ ಹಂದಿ ಕಾದಾಡುವ ಚಿತ್ರ ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕತೆ ಮುಗಿಸಿದೆ, ನನಗೇ ನಾಚಿಕೆಯಾಯಿತು. ಒಂದು ನಾಯಿಯ ಹೆಸರು ಸಾವಿರ ವರ್ಷ ಉಳಿದಿದೆ. ನನ್ನ ಅಜ್ಜನನ್ನು ಹೆತ್ತವಳ ಹೆಸರು ನನಗೆ ಗೊತ್ತಿಲ್ಲ.

ಪಾಡ್ಯದ ದಿನ ಗೋಡೆ ಖಾಲಿ ಇತ್ತು. ಬಂದವರಿಗೆ ‘ಲೆಕ್ಕ ಇನ್ನೂ ಕೂಡಿಲ್ಲ’ ಅಂದೆ.

ಅತ್ತಿಯ ಕೌದಿ

ನಮ್ಮ ಮನೆತನದ ಹೆಂಗಸರ ಬಗ್ಗೆ ಹೇಳಬಲ್ಲವರು ಒಬ್ಬರೇ ಉಳಿದಿದ್ದರು: ಅಪ್ಪನ ಕಡೆಯ ತಂಗಿ, ನನ್ನ ಸೋದರತ್ತಿ. ಆಗಲೇ ತೊಂಬತ್ತರ ಮೇಲೆ. ಅವಳನ್ನು ಕೊಟ್ಟದ್ದು ರೋಣದ ಕಡೆಯ ಒಂದು ಹಳ್ಳಿಗೆ. ಎಳ್ಳಮಾಸಿಗೆ ಅಲ್ಲಿಗೆ ಹೋಗುವುದೆಂದಾಯಿತು. ಮಗ ಕಾರು ತೆಗೆದ. ಶಾಣ್ಯಾನನ್ನು ಮನೆಯಲ್ಲಿ ಬಿಟ್ಟರೆ ಮನೆ ಉಳಿಯುವುದಿಲ್ಲವೆಂದು ಅದೂ ಕಾರು ಹತ್ತಿತು.

ಎಳ್ಳು ಅಮಾವಾಸ್ಯೆಯೆಂದರೆ ಎರೆಸೀಮೆಯಲ್ಲಿ ದೊಡ್ಡ ಹಬ್ಬ. ಸಜ್ಜಿರೊಟ್ಟಿ, ಎಣ್ಣಿಗಾಯಿ ಬದನೆಕಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕುಳಿತು ಊಟ ಮಾಡುತ್ತಾರೆ. ಅತ್ತಿಯ ಮನೆಯವರೆಲ್ಲ ನನ್ನ ಮಗ, ಸೊಸೆಯನ್ನೂ ಕರೆದುಕೊಂಡು ಹೊಲಕ್ಕೆ ಹೋದರು. ಮನೆಯಲ್ಲಿ ಉಳಿದದ್ದು ಅತ್ತಿ, ನಾನು, ಮೊಮ್ಮಗಳು ಮತ್ತು ಕಂಬಕ್ಕೆ ಕಟ್ಟಿದ ಶಾಣ್ಯಾ.

ಪುಸ್ತಕ ತೆಗೆದು ನಿಧಾನವಾಗಿ ಕೇಳಿದೆ. ಅತ್ತಿ ತಲೆ ಅಲ್ಲಾಡಿಸಿದಳು. ‘ಹೋದ ಸಲ ಬಂದಾಗ ಗಂಡಸೂರ ಹೆಸರ ಕೇಳಿದಿ, ಹೇಳೀನಿ. ಹೆಂಗಸೂರ ಹೆಸರ ಎದಕ್ಕ ಬೇಕೋ? ಅವನ್ನ ತಗೊಂಡ ಏನ್ ಮಾಡ್ತಿ?’ ಅಂದು ಸುಮ್ಮನಾದಳು. ಎಷ್ಟು ಕೇಳಿದರೂ ‘ನೆನಪಿಲ್ಲಪಾ’ ಅನ್ನುವುದೊಂದೇ ಮಾತು. ನಾನೂ ಪುಸ್ತಕ ಮುಚ್ಚಿದೆ.

ಆಗ ಅಂಗಳದಲ್ಲಿ ಏನೋ ಸಪ್ಪಳವಾಯಿತು. ಶಾಣ್ಯಾ ಹಗ್ಗ ಕಡಿದುಕೊಂಡಿತ್ತು. ಬಿಸಿಲಿಗೆ ಹಾಕಿದ್ದ ಅತ್ತಿಯ ಕೌದಿಯನ್ನು ಕಟ್ಟೆಯಿಂದ ಎಳೆದು, ಹಿಂದೆ ಸರಿಯುತ್ತ ಜಗ್ಗುತ್ತಿತ್ತು.

‘ಅಯ್ಯ ನನ ಕೌದಿ! ಹಿಡೀರಿ ಆ ಕಳ್ಳನ್ನ!’ ಅಂತ ಅತ್ತಿ ಕೂಗಿದಳು. ಮೊಮ್ಮಗಳು ಓಡಿ ಹೋಗಿ ಬಿಡಿಸಿಕೊಳ್ಳುವಷ್ಟರಲ್ಲಿ ಪರ್ ಅಂತ ಸದ್ದಾಯಿತು. ಒಂದು ಮೂಲೆ ಗೇಣುದ್ದ ಹರಿದಿತ್ತು.

ಕೌದಿ ಅಂದರೆ ಹಳೇ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರು ಪದರಾಗಿ ಇಟ್ಟು ಕೈಯಿಂದ ಹೊಲಿದ ಹೊದಿಕೆ. ನಮ್ಮ ಕಡೆ ಮಗಳ ಚೊಚ್ಚಲ ಬಾಣಂತನಕ್ಕೆ ತಾಯಿ ಹೊಲಿದು ಕೊಡುತ್ತಿದ್ದಳು. ಇದು ಅತ್ತಿಗೆ ಅವಳ ಅವ್ವ, ಅಂದರೆ ನನ್ನ ಅಜ್ಜಿ, ಹೊಲಿದು ಕೊಟ್ಟದ್ದು. ಎಪ್ಪತ್ತು ವರ್ಷದ ಹಿಂದಿನದು. ಮೇಲಿನ ಬಟ್ಟೆ ಎರಡು ಸಲ ಬದಲಾಗಿತ್ತು. ಒಳಗಿನ ಪದರು ಹಾಗೇ ಇತ್ತು.

ಹರಿದ ಕೌದಿಯನ್ನು ಅತ್ತಿಯ ತೊಡೆಯ ಮೇಲಿಟ್ಟು ನಾನು ತಲೆ ತಗ್ಗಿಸಿ ನಿಂತೆ. ಬೈಗಳಿಗೆ ಕಾಯುತ್ತಿದ್ದೆ. ಬೈಗಳು ಬರಲಿಲ್ಲ. ಅತ್ತಿ ಬಗ್ಗಿ, ಹರಿದ ಕಡೆ ಬೆರಳು ಹಾಕಿ, ಒಳಗಿನ ಬಟ್ಟೆಯನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದಳು.

‘ಇದು ನಮ್ಮವ್ವನ ಧಾರಿ ಸೀರಿ’ ಅಂದಳು, ಒಂದು ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಮುಟ್ಟಿ. ಹೆಸರು ಹೇಳಿದಳು. ‘ಇದು ನಮ್ಮ ದೊಡ್ಡವ್ವಂದು.’ ಮತ್ತೊಂದು ಹೆಸರು. ‘ಈ ಖಣ ನಮ್ಮ ಅತ್ತಿಗೆವ್ವಂದು, ಗುಳೇದಗುಡ್ಡದ್ದು.’ ಮತ್ತೊಂದು. ಮೊಮ್ಮಗಳು ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು ಬರೆಯತೊಡಗಿದಳು. ನಡುನಡುವೆ ಅತ್ತಿ ತಾನೇ ಕೇಳುವಳು: ‘ಯಾವ ಹೆಸರ ಬೇಕ ನಿನಗ? ತವರಮನಿದೋ, ಗಂಡನ ಮನಿದೋ?’ ಆಗ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇತ್ತು. ಒಬ್ಬೊಬ್ಬರಿಗೂ ಎರಡೆರಡು ಹೆಸರು. ‘ಎರಡೂ ಹೇಳ್ರಿ ಮುತ್ತಜ್ಜಿ’ ಅಂದಳು ಮೊಮ್ಮಗಳು.

ಕಡೆಗೆ ಅತ್ತಿಯ ಬೆರಳು ಒಂದು ಸಣ್ಣ ತುಂಡಿನ ಮೇಲೆ ನಿಂತಿತು. ಮಾಸಿದ ಹಳದಿ ಬಟ್ಟೆ, ಅಂಗೈಯಷ್ಟು ಅಗಲ.

‘ಇದು ಕೂಸಿನ ಅಂಗಿ’ ಅಂದಳು.

ನನ್ನ ಅಪ್ಪ ಮನೆಗೆ ಹಿರಿಯ ಮಗ ಎಂದೇ ನಾನು ತಿಳಿದಿದ್ದೆ. ಹಾಗೆಯೇ ಬರೆದಿದ್ದೆ. ಅಪ್ಪನಿಗಿಂತ ಮೊದಲು ಇಬ್ಬರಿದ್ದರು. ನಾಲ್ಕು ವರ್ಷದ ಹುಡುಗಿ, ಒಂದೂವರೆ ವರ್ಷದ ಗಂಡುಕೂಸು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ದೇಶದಲ್ಲೆಲ್ಲ ಹಬ್ಬಿ ಲಕ್ಷಗಟ್ಟಲೆ ಜನ ಸತ್ತರಲ್ಲ, ಆಗ ಎಂಟು ದಿನದೊಳಗೆ ಇಬ್ಬರೂ ಹೋದರು. ಅತ್ತಿ ಹುಟ್ಟಿದ್ದು ಎಷ್ಟೋ ವರ್ಷದ ಮೇಲೆ. ಅವಳೂ ಅವರನ್ನು ಕಂಡಿಲ್ಲ. ಕೌದಿ ಹೊಲಿಯುವಾಗ ಅವ್ವ ಈ ತುಂಡನ್ನು ಒಳಪದರಿಗೆ ಇಟ್ಟು, ಒಂದೇ ಒಂದು ಸಲ ಹೇಳಿದ್ದಳಂತೆ.

ಉತಾರದಲ್ಲಿ ಆ ಮಕ್ಕಳಿಲ್ಲ. ಶಾಲೆಗೆ ಹೋಗುವ ವಯಸ್ಸೇ ಆಗಿರಲಿಲ್ಲ. ನಮ್ಮ ಹೆಳವರು ಓದಿದ್ದರಲ್ಲೂ ಬಂದಿರಲಿಲ್ಲ. ಇದ್ದದ್ದು ಈ ಕೌದಿಯೊಳಗೆ ಮಾತ್ರ.

ನಾನು ಹುಡುಗನಿದ್ದಾಗ ಹಬ್ಬದ ದಿನ ಅಜ್ಜಿ ಮೊದಲ ಎರಡು ಹೋಳಿಗೆಯನ್ನು ನಮಗೆ ಕೊಡುತ್ತಿರಲಿಲ್ಲ. ಓಣಿಯಲ್ಲಿ ಆಡುವ ಯಾವುದಾದರೂ ಇಬ್ಬರು ಮಕ್ಕಳನ್ನು ಕರೆದು ಕೊಡುತ್ತಿದ್ದಳು. ನಮಗೆ ಸಿಟ್ಟು ಬರುತ್ತಿತ್ತು. ಯಾಕೆ ಅಂತ ಒಂದು ದಿನವೂ ಕೇಳಲಿಲ್ಲ. ಆ ದಿನ ಅತ್ತಿಯ ಪಡಸಾಲೆಯಲ್ಲಿ ಕುಳಿತು ನನಗೆ ಅದು ನೆನಪಾಯಿತು.

ಆ ಇಬ್ಬರ ಹೆಸರನ್ನೂ ಅತ್ತಿ ಹೇಳಿದಳು. ‘ಪೇಪರಿನ್ಯಾಗ ಹಾಕಬ್ಯಾಡೋ ಮತ್ತ’ ಅಂತಲೂ ಅಂದಳು. ಆದ್ದರಿಂದ ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ.

ಏಳುವಾಗ ಮೊಮ್ಮಗಳು ಕೇಳಿದಳು: ‘ಮುತ್ತಜ್ಜಿ, ನಿಮ್ಮ ತವರಮನಿ ಹೆಸರ ಏನು?’ ಅತ್ತಿ ನಕ್ಕಳು. ನಾನು ಹುಟ್ಟಿದಾಗಿನಿಂದ ಅವಳನ್ನು ‘ಅತ್ತಿ’ ಎಂದು ಕರೆದವನು, ನನಗೂ ಗೊತ್ತಿರಲಿಲ್ಲ. ಹೆಸರು ಹೇಳಿ, ‘ಆ ಹೆಸರಲೆ ಕರಿಯಾವ್ರು ಎಲ್ಲಾರೂ ಹೋದ್ರು. ಕೇಳಿ ಭಾಳ ವರ್ಷ ಆತು’ ಅಂದಳು. ಮೊಮ್ಮಗಳು ಆ ಹೆಸರನ್ನು ಗಟ್ಟಿಯಾಗಿ ಕರೆದಳು. ಅತ್ತಿ ‘ಓ’ ಅಂದಳು.

ಈಗ ನಮ್ಮ ಗೋಡೆಯ ಮೇಲೆ ಹೊಸ ವಂಶವೃಕ್ಷ ಇದೆ. ಬರೆದವಳು ಮೊಮ್ಮಗಳು. ಹೆಂಗಸರು ಆರು ಇದ್ದವರು 31 ಆಗಿದ್ದಾರೆ. ಅಪ್ಪನ ಹೆಸರಿನ ಮುಂದೆ ‘ಮೂರನೆಯ ಮಗು’ ಎಂದಿದೆ. ಅಜ್ಜನ ಅವ್ವನ ಹೆಸರು ಅತ್ತಿಗೂ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಯಾರ ಖಾತೆಗೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ಅಳಿಸಿಹಾಕುವಂತಿಲ್ಲ. ಅದನ್ನು ಸಸ್ಪೆನ್ಸ್ ಖಾತೆಯಲ್ಲಿ ಇಟ್ಟು, ಸರಿಯಾದ ವಿವರ ಸಿಗುವವರೆಗೆ ಕಾಯಬೇಕು. ಹಾಗೆಯೇ ಆ ಚೌಕವನ್ನು ಖಾಲಿ ಬಿಟ್ಟಿದ್ದೇವೆ. ಚೌಕ ಮಾತ್ರ ಇದೆ.

ನೀವೂ ಶುರು ಮಾಡಿ

ಮಕ್ಕಳೇ, ಇದಕ್ಕೆ ದೊಡ್ಡ ಓದು ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ ಸಾಕು. ಪೆನ್ನು ಬೇಡ, ತಿದ್ದುವುದು ಬಹಳ ಇರುತ್ತದೆ. ಮೊದಲು ನಿಮ್ಮ ಹೆಸರು ಬರೆಯಿರಿ. ಮೇಲೆ ಅಪ್ಪ, ಅವ್ವ, ಇಬ್ಬರು. ಅದರ ಮೇಲೆ ನಾಲ್ವರು ಅಜ್ಜ, ಅಜ್ಜಿಯರು. ಅದರ ಮೇಲೆ ಎಂಟು ಮಂದಿ. ಹೀಗೆ ಇಮ್ಮಡಿಯಾಗುತ್ತ ಹೋದರೆ ಹತ್ತನೆಯ ಮೆಟ್ಟಿಲಿಗೆ 1,024 ಆಗುತ್ತದೆ. ಬಳಗದೊಳಗೇ ಮದುವೆಯಾದವರಿದ್ದರೆ ಒಬ್ಬರೇ ಎರಡು ಕಡೆ ಬಂದು ಲೆಕ್ಕ ಕಡಿಮೆಯಾಗುತ್ತದೆ. ಅಷ್ಟು ದೂರ ಹೋಗುವುದು ಬೇಡ. ಎಂಟು ಹೆಸರು ತುಂಬಿಸಿ ನೋಡಿ. ಅದರಲ್ಲಿ ನಾಲ್ವರು ಹೆಂಗಸರು ಎಂಬುದನ್ನು ಮರೆಯಬೇಡಿ.

ಹೆಸರು ಕೇಳಿದರೆ ಹಿರಿಯರಿಗೆ ಎಷ್ಟೋ ಸಲ ನೆನಪಾಗುವುದಿಲ್ಲ. ವಸ್ತು ತೋರಿಸಿ ಕೇಳಿ. ಈ ತಂಬಿಗೆ ಯಾರದು? ಈ ಒರಳು ಎಲ್ಲಿಂದ ಬಂತು? ಈ ಸೀರೆ ಯಾರು ಉಡುತ್ತಿದ್ದರು? ಹಬ್ಬದಲ್ಲಿ ನಮ್ಮ ಮನೆಯಲ್ಲಿ ಮಾತ್ರ ಹೀಗೆ ಯಾಕೆ ಮಾಡುತ್ತೇವೆ? ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಅವರು ಒಪ್ಪಿದರೆ ಮೊಬೈಲಿನಲ್ಲಿ ದನಿ ಮುದ್ರಿಸಿಕೊಳ್ಳಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂದು ಪಕ್ಕದಲ್ಲಿ ಬರೆಯಿರಿ. ಬ್ಯಾಂಕಿನಲ್ಲಿ ವೋಚರ್ ಇಲ್ಲದ ಎಂಟ್ರಿಗೆ ಬೆಲೆಯಿಲ್ಲ, ಇಲ್ಲಿಯೂ ಅಷ್ಟೇ. ಯಾವುದಾದರೂ ವಿಷಯ ಹೇಳಲು ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಮಾಡಬೇಡಿ.

ನನ್ನ ವಯಸ್ಸಿನವರಿಗೆ ಒಂದು ಮಾತು. ಹಳೇ ಫೋಟೋಗಳ ಹಿಂದೆ ಯಾರು ಯಾರೆಂದು ಇವತ್ತೇ ಪೆನ್ಸಿಲಿನಿಂದ ಬರೆದಿಡಿ. ನಮಗೆ ಗೊತ್ತಿದೆಯಲ್ಲ ಎಂದು ಬಿಟ್ಟರೆ, ನಮ್ಮ ನಂತರ ಆ ಮುಖಗಳಿಗೆ ಹೆಸರಿರುವುದಿಲ್ಲ. ಮೊಮ್ಮಕ್ಕಳು ಕೇಳಿದಾಗ ‘ಎದಕ್ಕ ಬೇಕೋ’ ಅನ್ನಬೇಡಿ.

ಮನೆಯಲ್ಲಿ ನಾಯಿ ಇದ್ದವರು ಬರೆದ ಹಾಳೆಯನ್ನು ಕಪಾಟಿನ ಮೇಲಿಡಿ. ಹಿಟ್ಟಿನ ಅಂಟು ಹಚ್ಚಬೇಡಿ.

ಹೋದ ತಿಂಗಳು ಮತ್ತೆ ಅತ್ತಿಯ ಊರಿಗೆ ಹೋಗಿದ್ದೆವು. ಅವಳಿಗೆ ಈಗ ಮರೆವು ಬಹಳ. ಹೊರಸಿನ ಮೇಲೆ ಕೌದಿ ಹೊದ್ದು ಕುಳಿತಿದ್ದಳು. ಹರಿದ ಮೂಲೆಗೆ ಯಾರೋ ಹಸಿರು ಬಟ್ಟೆಯ ತೇಪೆ ಹಾಕಿದ್ದರು. ನಾನು ಎದುರು ಕುಳಿತು ಎರಡು ಸಲ ಹೆಸರು ಹೇಳಿದೆ, ಅಪ್ಪನ ಹೆಸರೂ ಹೇಳಿದೆ. ‘ಯಾವೂರಪಾ ನಿಮ್ಮದು?’ ಅಂದಳು. ಪುಸ್ತಕ ನನ್ನ ಚೀಲದಲ್ಲೇ ಇತ್ತು. ಕೇಳಬೇಕೆಂದಿದ್ದ ಪ್ರಶ್ನೆಗಳನ್ನು ಇನ್ನು ಕೇಳುವಂತಿರಲಿಲ್ಲ. ಒಂದು ವರ್ಷ ತಡ ಮಾಡಿದ್ದರೆ ಆ ಮೂವತ್ತೊಂದು ಹೆಸರಲ್ಲಿ ಎಷ್ಟು ಸಿಗುತ್ತಿದ್ದವೋ!

ಅಷ್ಟರಲ್ಲಿ ಶಾಣ್ಯಾ ಬಾಲ ಆಡಿಸುತ್ತ ಒಳಗೆ ಬಂತು. ಅತ್ತಿ ಅದನ್ನು ನೋಡಿದಳು. ಎರಡೂ ಕೈಯಿಂದ ಕೌದಿಯನ್ನು ಎದೆಗೆ ಅವಚಿಕೊಂಡು, ಗಟ್ಟಿ ದನಿಯಲ್ಲಿ ಕೂಗಿದಳು:

‘ಬಂತ ನೋಡ್ರಿ ಕಳ್ಳ! ಹಿಡೀರಿ ಅದನ್ನ!’